ವಿಭೂತಿ ಹಚ್ಚಿದ ನಲ್ಲಿ

ನಲ್ಲಿ ಬಂದು ಎರಡು ವರ್ಷವಾಯಿತು, ಇದರಲ್ಲಿ ಒಂದು ದಿನವೂ ನೀರು ಬಂದಿಲ್ಲ. ಉಪ್ಪಿಟ್ಟಿನ ಬಾಣಲೆ ಉಜ್ಜುತ್ತ ಶಿವರಂಜನಿ ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. 'ಒಂದು ದಿನವೂ' ಬೇಡ. ಗೋಳಾಡಿದ ಹಾಗೆ ಕೇಳಿಸುತ್ತದೆ. ನಲ್ಲಿ ಬಂದಿದೆ, ನೀರು ಬಂದಿಲ್ಲ. ಇಷ್ಟು ಸಾಕು. ದೆಹಲಿಯವರು ಕೊಟ್ಟಿರುವುದು ಒಂದು ನಿಮಿಷ. ಇದಕ್ಕೆ ಅರ್ಧ ಉಸಿರೂ ಬೇಡ.

ದೆಹಲಿಯ ಮಂತ್ರಿಯೊಬ್ಬರು ಇವತ್ತು ಪರದೆಯ ಮೇಲೆ ಬಂದು ದೇಶದ ಹೆಂಗಸರ ಜೊತೆ ಮಾತಾಡುವವರಿದ್ದರು. ಮನೆಮನೆಗೆ ನಲ್ಲಿ ಕೊಟ್ಟದ್ದರ ಸಂಭ್ರಮ. ನರಸೀಪುರ ತಾಲ್ಲೂಕಿನಿಂದ ಈ ಊರು, ಈ ಊರಿನಿಂದ ಶಿವರಂಜನಿ. ಆರಿಸಿದವನು ಯೋಜನೆಯ ಪ್ರಚಾರ ನೋಡಿಕೊಳ್ಳುವ ಮಧುಕುಮಾರ್. ನಂಜನಗೂಡಿನ ಕಾಲೇಜೊಂದರಲ್ಲಿ ಅವಳು ಅತಿಥಿ ಉಪನ್ಯಾಸಕಿಯಾಗಿದ್ದಾಗ ಅವನು ಅವಳ ವಿದ್ಯಾರ್ಥಿ. ಅವಳು ಕಲಿಸುತ್ತಿದ್ದದ್ದು ರಾಜ್ಯಶಾಸ್ತ್ರ. ಅತಿಥಿಯನ್ನು ಆಮೇಲೆ ಕಾಲೇಜು ಕರೆಯಲಿಲ್ಲ.

"ಎಂ.ಎ. ಮಾಡಿರೋರು ಊರಲ್ಲಿ ನೀವೊಬ್ರೇ ಮೇಡಂ. ಕ್ಯಾಮೆರಾ ಮುಂದೆ ತಡವರಿಸಲ್ಲ," ಎಂದಿದ್ದ ಅವನು, ಹೋದ ವಾರ ಬಂದಾಗ.

"ಏನು ಹೇಳ್ಬೇಕು?"

"ನಿಮ್ಗೆ ನಾನು ಹೇಳ್ಕೊಡೋದಾ? ಮನಸ್ಸಿಗೆ ಬಂದಿದ್ದು ಹೇಳಿ. ಕೊನೇಲಿ ಧನ್ಯವಾದ ಅಂತ ಬಂದ್ರೆ ಆಯ್ತು."

"ನೀರು ಯಾವಾಗ ಬರುತ್ತೆ ಮಧು?"

"ಇನ್ನೇನು ಬತ್ತದೆ ಮೇಡಂ."

ಎರಡು ವರ್ಷದಿಂದ ಅವನು ಹೇಳುತ್ತಿದ್ದದ್ದು ಇದನ್ನೇ. ಹೋದ ವಾರದಿಂದ ಅವಳು ಪಾತ್ರೆ ಉಜ್ಜುವಾಗ, ಅಕ್ಕಿ ಆರಿಸುವಾಗ, ಮಗಳ ಜಡೆ ಹೆಣೆಯುವಾಗ ವಾಕ್ಯವನ್ನು ತಿದ್ದುತ್ತ ಬಂದಿದ್ದಳು. ಕಾವೇರಿ ಕಪಿಲೆ ಕೂಡುವ ಜಾಗ ಬಸ್ಸಿನಲ್ಲಿ ಹೋದರೆ ಹತ್ತಿರವೇ. ಬಿಂದಿಗೆ ಮಾತ್ರ ಗದ್ದೆಯ ಪಂಪ್‌ಸೆಟ್ಟಿನವರೆಗೆ ಹೋಗಬೇಕು, ಅದೂ ಕರೆಂಟ್ ಇದ್ದಾಗ. ಗಂಡ ಮದನ್ ತಾಂಡ್ಯದ ಫ್ಯಾಕ್ಟರಿಗೆ ಬೆಳಗಿನ ಪಾಳಿಗೆ ಹೋಗಿಬಿಡುತ್ತಾನೆ. ಇವತ್ತು ಹೋಗುವಾಗ ಹೆಲ್ಮೆಟ್ಟಿನೊಳಗಿನಿಂದ, "ಇರೋದನ್ನ ಹೇಳ್ಬಿಡು, ಏನಾಯ್ತದೆ," ಎಂದಿದ್ದ. ಏನಾಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಏನಾದರೂ ಆದರೆ ಸಾಕಾಗಿತ್ತು.

ಅಂಗಳದಲ್ಲಿ ಅತ್ತೆ ಪುಟ್ಟಬಸಮ್ಮ ನಲ್ಲಿಗೆ ವಿಭೂತಿ ಹಚ್ಚುತ್ತಿದ್ದಳು.

ಹೊಸದೇನು ಮನೆಗೆ ಬಂದರೂ ಹಚ್ಚುವುದು ರೂಢಿ. ಫ್ರಿಜ್ಜಿಗೂ ಹಚ್ಚಿದ್ದಳು, ಮದನನ ಬೈಕಿಗೂ. ಅವು ಕೆಲಸ ಶುರುಮಾಡಿದ ಮೇಲೆ ಮರೆತಳು. ನಲ್ಲಿ ಶುರುಮಾಡಲೇ ಇಲ್ಲ. ನಿಲ್ಲಿಸಿದರೆ ಬರುವುದೂ ತಪ್ಪೀತು ಎಂದು ಸೋಮವಾರ ಸೋಮವಾರ ಹಚ್ಚುತ್ತ ಹೋದಳು. ನೋಡಿ ಪಕ್ಕದ ಮನೆಯವರೂ ಹಚ್ಚಿದರು. ಈಗ ಬೀದಿಯುದ್ದಕ್ಕೂ ನಲ್ಲಿಯ ಮೋಟು ಕಂಬಗಳು ಮೂರು ಬಿಳಿ ಗೆರೆ ಹೊತ್ತು ನಿಂತಿವೆ, ಒಂದೊಂದರ ಕೆಳಗೂ ನೀರು ಅಳೆಯುವ ಗಾಜಿನ ಕಣ್ಣಿನ ಮೀಟರು.

"ಅಮ್ಮ, ತಲೆ ಕಡಿತದೆ," ಎಂದಳು ರಾಣಿ. ಯುಕೆಜಿಯ ಮಗು. ಭಾನುವಾರ ತಲೆಗೆ ನೀರು ಬಿದ್ದಿರಲಿಲ್ಲ. ಅದರ ಹಿಂದಿನ ಭಾನುವಾರವೂ.

"ಇವತ್ತು ಹಾಕ್ತೀನಿ ಕಣವ್ವ."

"ನಲ್ಲಿ ಕೆಳ್ಗೆ?"

ಶಿವರಂಜನಿ ಬಾಣಲೆ ಬೋರಲು ಹಾಕಿದಳು. ಹಿತ್ತಿಲ ಕಡೆ ಗಾಡಿಯೊಂದು ಹಿಂದೆ ಹಿಂದೆ ಬರುವ ಸದ್ದು.

ಟ್ಯಾಂಕರು. ಡ್ರೈವರ್ ಮಾದಯ್ಯ ಇಳಿದು ಕಪ್ಪು ಪೈಪನ್ನು ಗೋಡೆಯ ಹಿಂದಿನಿಂದ ಎಳೆದು ತಂದು, ನಲ್ಲಿಗೆ ಬರುವ ಕೊಳವೆಗೆ ಸೇರಿಸಿ, ಮೇಲೆ ಎರಡು ಗೋಣಿಚೀಲ ಮುಚ್ಚಿದ. ಅವನ ಜೊತೆಗೇ ಇಳಿದ ಮಧುಕುಮಾರ್ ಅದರ ಮೇಲೊಂದು ಕ್ರೋಟನ್ ಕುಂಡ ಇಟ್ಟು ದೂರ ನಿಂತು ನೋಡಿದ.

"ಇದೇನು ಮಧು?"

"ಟೆಸ್ಟಿಂಗ್ ಮೇಡಂ. ಹೆಂಗೂ ಬರೋ ನೀರು. ಒಂಚೂರು ಮುಂಚೆ ಬತ್ತಾ ಅದೆ, ಅಷ್ಟೆ."

"ಇದು ಸುಳ್ಳಲ್ವಾ?"

"ಸುಳ್ಳೆಂಗಾಯ್ತದೆ? ನೀರು ನಿಜವಾದ ನೀರು. ನಲ್ಲಿ ನಿಜವಾದ ನಲ್ಲಿ. ನೀವೂ ನಿಜ." ನಕ್ಕ. "ಸರ್ಕಾರ ಅಂದ್ರೆ ನಾವೇ ಅಂತ ನೀವೇ ಪಾಠ ಮಾಡಿದ್ದು."

ಅದರಲ್ಲಿ ತಪ್ಪು ಎಲ್ಲಿದೆ ಎಂದು ಅವಳು ಹುಡುಕಿದಳು. ಪರೀಕ್ಷೆಯಲ್ಲಾಗಿದ್ದರೆ ಐದಕ್ಕೆ ಮೂರು ಅಂಕ ಕೊಡುತ್ತಿದ್ದಳು.

ಸುದ್ದಿಗೆ ಕಾಲು ಬೇಕಿರಲಿಲ್ಲ. ಪಕ್ಕದ ಮನೆಯ ರುದ್ರಾಣಿ ಎರಡು ಕಂಕುಳಲ್ಲೂ ಬಿಂದಿಗೆ ಇಟ್ಟುಕೊಂಡು ಓಡಿಬಂದಳು. "ನಿನ್ನೇನೇ ಒಂದ್ಮಾತು ಏಳ್ಬಾರ್ದಾ ರಂಜನಕ್ಕ, ಡ್ರಮ್ಮು ತೊಳ್ದಿಡ್ತಿದ್ದೆ!"

"ಮೀಟಿಂಗ್ ಮುಗಿಯೋಗಂಟ ಮಾತ್ರ ಕಣ್ರವ್ವ," ಎಂದ ಮಾದಯ್ಯ ಬೀಡಿ ಹಚ್ಚುತ್ತ. "ಆಮೇಲೆ ಇನ್ನೊಂದೂರ್ಗೆ ಓಗ್ಬೇಕು. ಅಲ್ಲೂ ನಲ್ಲಿ ಅದೆ."

"ನಿನ್ ಟ್ಯಾಂಕರ್ಗೇ ವಿಭೂತಿ ಅಚ್ಬೇಕಿತ್ತು ಕಣಯ್ಯ," ಎಂದಳು ರುದ್ರಾಣಿ. ಎಲ್ಲರೂ ನಕ್ಕರು. ಮಾದಯ್ಯನೂ ನಕ್ಕ. ಪುಟ್ಟಬಸಮ್ಮ ಮಾತ್ರ ನಗಲಿಲ್ಲ. ನಲ್ಲಿಗೆ ಕೈಮುಗಿದು ಕಣ್ಣೊರೆಸಿಕೊಂಡಳು. ಅವಳ ಲೆಕ್ಕದಲ್ಲಿ ನೀರು ಬಂದಿತ್ತು.

ಕಾರ್ಯಕ್ರಮಕ್ಕೆಂದು ಮನೆ ಮುಂದೆ ಹಾಕಿದ್ದ ಶಾಮಿಯಾನದ ಕೆಳಗಿನ ದೊಡ್ಡ ಟಿ.ವಿ.ಯಲ್ಲಿ ಯಾವುದೋ ರಾಜ್ಯದ ಹೆಂಗಸೊಬ್ಬಳು ಸೆರಗು ಸರಿಮಾಡಿಕೊಳ್ಳುತ್ತ ಮಾತಾಡಿದಳು. ಅವಳ ನಲ್ಲಿಯೂ ಸುರಿಯುತ್ತಿತ್ತು. ಅವಳ ಹಿಂದಿನ ಗೋಡೆಯಾಚೆ ಹಸಿರಾಗಿ ಏನೋ ಕಂಡಿತು. ಮರವಿರಬಹುದು. ಟ್ಯಾಂಕರ್ ಇರಬಹುದು. ಶಿವರಂಜನಿ ಅವಳ ಕಣ್ಣನ್ನು ನೋಡಲು ಯತ್ನಿಸಿದಳು. ಕಣ್ಣು ಬೇರೆಲ್ಲೋ ಇತ್ತು.

"ಮೇಡಂ, ನೀವೇ!"

ಮೈಕು ಕೈಗೆ ಬಂತು. ಕ್ಯಾಮೆರಾ ಹತ್ತಿರ ಬಂತು. ನಲ್ಲಿಯ ಕೆಳಗೆ ಬಿಂದಿಗೆ ಅರ್ಧ ತುಂಬಿತ್ತು. ಪರದೆಯ ಮೇಲಿನವರು ಹಿಂದಿಯಲ್ಲಿ ಏನೋ ಕೇಳಿದರು. "ನೀರು ಹೆಂಗೆ ಬರ್ತಿದೆ ಅಂತ," ಎಂದು ಮಧು ಪಿಸುಗುಟ್ಟಿದ.

ವಾಕ್ಯ ನಾಲಗೆಯ ತುದಿಯಲ್ಲೇ ಇತ್ತು. ಹಿಂದೆ ನೀರು ಸುರಿಯುತ್ತಿದ್ದರೂ ಹೇಳಬಹುದಾಗಿತ್ತು. ಗೋಣಿಚೀಲ ತೋರಿಸಿಯೂ ಹೇಳಬಹುದಾಗಿತ್ತು. ಅವಳು ಬಾಯಿ ತೆರೆದಳು.

ಬಿಂದಿಗೆಯ ಸದ್ದು ಸಣ್ಣಗಾಯಿತು.

ಆ ಸದ್ದು ಅಲ್ಲಿದ್ದ ಎಲ್ಲ ಹೆಂಗಸರಿಗೂ ಗೊತ್ತು. ನೀರು ಕಂಠಕ್ಕೆ ಬಂದಿದೆ. ಎಲ್ಲರ ಕಣ್ಣೂ ಪರದೆ ಬಿಟ್ಟು ಬಿಂದಿಗೆಗೆ ಬಂದವು.

"ರಂಜನೀ! ಚೆಲ್ತಾ ಅದೆ ಕಣೇ! ಎತ್ತು!" ಪುಟ್ಟಬಸಮ್ಮ ಕಿರುಚಿದಳು.

ಮೈಕು ಕಂಕುಳಿಗೆ ಹೋಯಿತು, ಸೊಂಟ ಬಗ್ಗಿತು. ತುಂಬಿದ ಬಿಂದಿಗೆ ಎತ್ತಿ ಖಾಲಿ ಬಿಂದಿಗೆ ಇಟ್ಟಳು. ಅದೂ ತುಂಬಿತು. ರುದ್ರಾಣಿ ಇನ್ನೊಂದು ತಳ್ಳಿದಳು. ತಣ್ಣನೆಯ ನೀರು ಮೊಣಕೈವರೆಗೆ ಹರಿಯಿತು. ಒಂದು ಹನಿಯೂ ನೆಲಕ್ಕೆ ಬೀಳದಂತೆ ನೋಡಿಕೊಳ್ಳುತ್ತಿದ್ದ ಆ ಹೊತ್ತಿನಲ್ಲಿ ಅವಳ ತಲೆಯಲ್ಲಿ ವಾಕ್ಯವೂ ಇರಲಿಲ್ಲ, ದೇಶವೂ ಇರಲಿಲ್ಲ.

"ಸಂತೋಷಕ್ಕೆ ಮಾತೇ ಹೊರಡ್ತಿಲ್ಲ ಸರ್," ಎಂದು ಮಧುಕುಮಾರ್ ಇನ್ನೊಂದು ಮೈಕಿನಲ್ಲಿ ಹೇಳುತ್ತಿದ್ದ. ದೆಹಲಿ ಚಪ್ಪಾಳೆ ತಟ್ಟಿತು. ಅವಳು ತಲೆಯೆತ್ತುವಷ್ಟರಲ್ಲಿ ಪರದೆ ರಾಜಸ್ಥಾನಕ್ಕೆ ಹೋಗಿತ್ತು.

"ಸೂಪರ್ ಮೇಡಂ. ಮಾತಾಡಿದ್ರೂ ಇಷ್ಟು ಚೆನ್ನಾಗ್ ಬತ್ತಿರ್ಲಿಲ್ಲ." ಮಧು ಮೊಬೈಲು ಹಿಡಿದ. ಅದರಲ್ಲಿ ಒಬ್ಬ ಹೆಂಗಸು ತುಂಬಿ ತುಳುಕುವ ಬಿಂದಿಗೆ ಎತ್ತುತ್ತಿದ್ದಳು. ನಗುತ್ತಿದ್ದಳು. ಹಲ್ಲೆಲ್ಲ ಕಾಣುವ, ಯಾರೂ ಹೇಳಿಕೊಡದ ನಗು. ಶಿವರಂಜನಿ ಎರಡು ಸಲ ನೋಡಿದಳು. ಯಾವಾಗ ನಕ್ಕೆ? ಕೆನ್ನೆ ಮುಟ್ಟಿ ನೋಡಿಕೊಂಡಳು.

"ಡಿಲೀಟ್ ಮಾಡು ಮಧು."

"ಹೋಗ್ಬಿಡ್ತು ಮೇಡಂ. ಎಲ್ಲಾ ಗ್ರೂಪ್ಗೂ."

ಮಂತ್ರಿಯ ಭಾಷಣ ನಡೆದಿತ್ತು. ಭಾಷಣ ಇರುವವರೆಗೆ ನೀರು. ಅವಳು ಒಳಗಿನಿಂದ ಸೀಗೆಪುಡಿ ಕಲಸಿ ತಂದು, ರಾಣಿಯನ್ನು ನಲ್ಲಿಯ ಕೆಳಗೆ ನಿಲ್ಲಿಸಿದಳು. ಮಗು ಕೇಕೆ ಹಾಕಿತು. ತಲೆ ನೆನೆಸಿ, ಸೀಗೆ ಮೆತ್ತಿ, ಬುಡಕ್ಕೆ ಬೆರಳು ಹಾಕಿ ತಿಕ್ಕಿದಳು. "ಕಣ್ಣು ಬಿಟ್ಟೀಯ, ಉರಿತದೆ. ನಾನು ಹೇಳೋಗಂಟ ಬಿಡ್ಬೇಡ."

ರಾಷ್ಟ್ರಗೀತೆ ಶುರುವಾಯಿತು. ಕುರ್ಚಿಗಳು ಸರಿದವು. ಶಿವರಂಜನಿ ಸೀಗೆ ಮೆತ್ತಿದ ಕೈಗಳನ್ನು ಇಳಿಬಿಟ್ಟು ನೇರ ನಿಂತಳು. ಕಣ್ಣು ಮುಚ್ಚಿಕೊಂಡೇ ಮಗುವೂ ನೇರ ನಿಂತಿತು, ಶಾಲೆಯಲ್ಲಿ ನಿಲ್ಲುವ ಹಾಗೆ. ಮುಗಿದ ತಕ್ಷಣ ಗೋಡೆಯ ಹಿಂದೆ ಮಾದಯ್ಯ ಪೈಪು ಕಿತ್ತ. ಟ್ಯಾಂಕರು ಗುರುಗುಟ್ಟಿ ಹೊರಟಿತು. ನಲ್ಲಿ ಕೆಮ್ಮಿತು; ಎರಡು ಹನಿ ಉದುರಿಸಿ ಸುಮ್ಮನಾಯಿತು.

"ಅಮ್ಮ, ಕಣ್ಣು ಬಿಡ್ಲಾ?"

"ಬೇಡ."

ಒಳಗಿನಿಂದ ಪುಟ್ಟಬಸಮ್ಮ ಕೂಗಿದಳು. "ಇಲ್ಲಿಂದೊಂದು ಬಿಂದಿಗೆ ತಕ್ಕಂಡೋಗವ್ವ, ಮಗಿಗೆ ಶೀತ ಆದಾತು."

ಹೋಗಬೇಕು ಎಂದು ಅವಳಿಗೆ ಗೊತ್ತಿತ್ತು. ಕಾಲು ಹೋಗಲಿಲ್ಲ. ನಲ್ಲಿಯನ್ನು ಪೂರ್ತಿ ತಿರುಗಿಸಿ ಅಂಗೈ ಒಡ್ಡಿದಳು. ಕೊಳವೆಯ ಒಳಗೆಲ್ಲೋ ದೂರದಲ್ಲಿ ಏನೋ ಸರಿದಾಡಿತು. ಅಂಗೈಗೆ ಗಾಳಿ ಬಂತು, ತಣ್ಣಗೆ.

"ಅಮ್ಮ, ಬಂತಾ?"

"ಇನ್ನೇನು ಬತ್ತದೆ ಕಣವ್ವ."

ಆ ದನಿ ಎಲ್ಲೋ ಕೇಳಿದ್ದಂತಿತ್ತು. ಮಗು ನಂಬಿತು. ಬಿಗಿಯಾಗಿ ಕಣ್ಣು ಮುಚ್ಚಿ, ಸೀಗೆಯ ನೊರೆ ಹಣೆಗಿಳಿಯುತ್ತಿರಲು, ಮುಖ ಮೇಲೆತ್ತಿ ಹಲ್ಲೆಲ್ಲ ಬಿಟ್ಟು ನಕ್ಕಿತು. ವಿಭೂತಿಯ ಮೂರು ಗೆರೆಯ ಕೆಳಗೆ, ಬರಿಯ ಗಾಳಿಗೆ, ಮೀಟರಿನ ಪುಟ್ಟ ಕೆಂಪು ಚಕ್ರ ಗಿರಗಿರನೆ ತಿರುಗುತ್ತಿತ್ತು.