ನಕ್ಷೆಯಲ್ಲಿದ್ದ ಕೆರೆ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಿರಾಕಿಗೆ ತಲೆನೋವು ಬರುವ ಕಸುಬು. ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕಾಡಿನ ನಕ್ಷೆ ತೆರೆದು ಕೂತಾಗಲೂ ಅವಳು ಅದೇ ಕಣ್ಣಿನಿಂದ ನೋಡುತ್ತಿದ್ದಳು. ದೊಡ್ಡದು ಮಾಡಿದಷ್ಟೂ ಹಳ್ಳ, ದಿಬ್ಬ, ಬಂಡೆಗಳು ಮೇಲೆದ್ದು ಬರುತ್ತಿದ್ದವು.

ಊಟವಾದ ಮೇಲೆ ಗಂಡನನ್ನು ಪಕ್ಕಕ್ಕೆ ಕೂರಿಸಿಕೊಂಡು, “ಇಲ್ನೋಡಿ, ಕೆರೆ ದಂಡೇಲೇ ಟೆಂಟ್ ಹಾಕಬಹುದು” ಎನ್ನುವಳು.

“ಆಹಾ, ಚೆನ್ನಾಗಿದೆ” ಎನ್ನುವನು ಅವನು. ಮದುವೆಯಾದ ಹೊಸದರಲ್ಲಿ ಆ ಟೆಂಟು ಕೊಂಡು ತಂದವನೂ ಅವನೇ.

ಆದರೆ ಹೊರಡುವ ದಿನ ಬಂತೆಂದರೆ ಏನಾದರೊಂದು ವಿಘ್ನ. ಒಮ್ಮೆ ನೆಗಡಿ, ಇನ್ನೊಮ್ಮೆ ಆಫೀಸಿನಲ್ಲಿ ತುರ್ತು. ಈ ಸಲವಂತೂ ಚೀಲಗಳನ್ನೆಲ್ಲ ಕಾರಿಗೆ ಹಾಕಿಯಾಗಿತ್ತು. ಅಷ್ಟರಲ್ಲಿ ಅವನು ಸೊಂಟ ಹಿಡಿದುಕೊಂಡು ಸೋಫಾದ ಮೇಲೆ ಕುಸಿದ.

“ಉಳುಕಿಬಿಡ್ತು ಕಣೇ.”

ಅವಳು ಮುಖ ಸಪ್ಪಗೆ ಮಾಡಿಕೊಂಡು ಚೀಲ ಇಳಿಸಲು ಹೊರಟಳು. ಆಗ ಅತ್ತೆ ಬೂಟು ಹಾಕಿಕೊಂಡೇ ಕೋಣೆಯಿಂದ ಹೊರಬಂದರು. ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು. ಊರವರ ಮಾತನ್ನೆಲ್ಲ ಜೋಡಿಸಿ ಕೊಟ್ಟು ಸಾಕಾಗಿತ್ತೋ ಏನೋ, ತಮ್ಮ ಮಾತು ಕಡಿಮೆ.

“ನಾನು ಬರ್ತೀನಿ. ನಡಿ.”

ಅತ್ತೆ ಯಾಕೆ ಹೊರಟರೆಂದು ಸೊಸೆಗೆ ಬಗೆಹರಿಯಲಿಲ್ಲ. ಕಾವಲಿಗೋ? ಕೇಳುವ ಧೈರ್ಯವೂ ಬರಲಿಲ್ಲ.

ರಸ್ತೆ ಮುಗಿದಲ್ಲಿ ಕಾರು ನಿಲ್ಲಿಸಿ ಇಬ್ಬರೂ ಚೀಲ ಹೊತ್ತು ನಡೆದರು. ಫೋನಿನಲ್ಲಿದ್ದ ನಕ್ಷೆಯಲ್ಲಿ ಕೆರೆಯವರೆಗೂ ಚುಕ್ಕೆಗೆರೆ ಎಳೆದಿತ್ತು. ಅದೇ ಕಾಲುದಾರಿ ಎಂದು ಅವಳು ನಂಬಿದ್ದಳು. ಸ್ವಲ್ಪ ದೂರದಲ್ಲೇ ದಾರಿ ಪೊದೆಯೊಳಗೆ ಮಾಯವಾಯಿತು. ಫೋನಿನ ಪ್ರಕಾರ ಅವರು ಗೆರೆಯ ಮೇಲೇ ಇದ್ದರು. ಕಾಲ ಕೆಳಗೆ ಮಾತ್ರ ಮುಳ್ಳು. ಅಲ್ಲಲ್ಲಿ ಸುಣ್ಣ ಬಳಿದು ನಂಬರು ಬರೆದ ಕಲ್ಲುಗಳು. ಯಾರಿಗಾಗಿ ನೆಟ್ಟಿದ್ದೋ!

“ದಾರಿ ಇದೇನಾ?” ಅತ್ತೆ ಕೇಳಿದರು.

“ಇದೇ ಅತ್ತೆ. ಆದ್ರೆ... ದಾರಿ ಇಲ್ಲ.”

ಕೆರೆ ಬಂತೆಂದು ಫೋನು ಹೇಳಿದಾಗ ಎದುರಿಗಿದ್ದದ್ದು ಮೊಣಕಾಲುದ್ದದ ಹುಲ್ಲು. ಅವಳು ಫೋನನ್ನು ತಿರುಗಿಸಿ ನೋಡಿದಳು, ತಾನೇ ತಿರುಗಿ ನೋಡಿದಳು. ಹುಲ್ಲು ಹುಲ್ಲಾಗಿಯೇ ಇತ್ತು.

ದಿಬ್ಬ ಹತ್ತಿದಾಗ ಸಿಗ್ನಲ್ ಸಿಕ್ಕಿತು. ನಕ್ಷೆಯ ಮೂಲೆಯಲ್ಲಿದ್ದ ಅರಣ್ಯ ಕಚೇರಿಯ ನಂಬರಿಗೆ ಕರೆ ಮಾಡಿದಳು.

“ಅದು ದಾರಿ ಅಲ್ಲಮ್ಮ, ಗಡಿ,” ಎಂದಿತು ಆ ಕಡೆಯ ದನಿ. “ಆ ಕಡೆ ಒಂದು ಅರಣ್ಯ ವಲಯ, ಈ ಕಡೆ ಇನ್ನೊಂದು.”

“ಮತ್ತೆ ಕೆರೆ?”

“ಮಳೆ ಬಂದ್ಮೇಲೆ ಬನ್ನಿ, ಇರತ್ತೆ.” ನಂಬರಿನ ಕಲ್ಲುಗಳ ಜಾಡು ಹಿಡಿದು ಬಂದ ಹಾಗೇ ವಾಪಸ್ಸು ಹೋಗಬಹುದು, ಉಳಿದುಕೊಳ್ಳುವುದಾದರೆ ಬೆಂಕಿ ಮಾತ್ರ ಹಚ್ಚಬೇಡಿ ಎಂದೂ ಹೇಳಿತು.

ಅವಳಿಗೆ ಅಳು ಬಂತು. “ಅವರು ಬರದೇ ಇದ್ದದ್ದೇ ಒಳ್ಳೇದಾಯ್ತು ಅತ್ತೆ. ಎಷ್ಟು ಆಸೆ ಇಟ್ಕೊಂಡಿದ್ರು ಪಾಪ.”

ಅತ್ತೆ ಟೆಂಟಿನ ಕೋಲು ಜೋಡಿಸುತ್ತಿದ್ದವರು ತಲೆ ಎತ್ತಿದರು. “ಯಾರು, ನನ್ನ ಮಗನಾ? ಅವನಿಗೆ ಕಾಡು ಅಂದ್ರೆ ಚಿಕ್ಕಂದಿನಿಂದ ಜೀವಭಯ. ಸೊಂಟಕ್ಕೇನೂ ಆಗಿಲ್ಲ.”

“ಮತ್ತೆ ಟೆಂಟ್ ಯಾಕೆ ತಂದ್ರು?”

“ನಿನಗೆ ಇಷ್ಟ ಅಂತ.”

“ನನಗೆಲ್ಲಿ ಇಷ್ಟ? ಟೆಂಟ್ ತಂದ್ರಲ್ಲ, ಅವರಿಗೆ ಇಷ್ಟ ಅಂತ ನಾನು ನಕ್ಷೆ ಹುಡುಕಿದ್ದು!”

ಅತ್ತೆ ಕೋಲನ್ನು ಕೈಯಲ್ಲಿ ಹಿಡಿದೇ ನಗತೊಡಗಿದರು. ಅವರು ಹಾಗೆ ನಕ್ಕಿದ್ದನ್ನು ಸೊಸೆ ನೋಡಿರಲೇ ಇಲ್ಲ.

“ಹೋಗ್ಲಿ ಬಿಡು. ನನಗಂತೂ ಬೇಕಾಗಿತ್ತು. ನೀವಿಬ್ಬರೂ ಯಾವತ್ತಾದ್ರೂ ಕರೆದ್ರೆ ತಾನೇ?”

ಸೊಸೆ ಟೆಂಟಿನ ಇನ್ನೊಂದು ತುದಿ ಹಿಡಿದಳು.

ಮಾರನೆಯ ದಿನ ಮನೆ ತಲುಪಿದಾಗ ಗಂಡ ಸ್ಟೂಲಿನ ಮೇಲೆ ನಿಂತು ಬಲ್ಬು ಬದಲಾಯಿಸುತ್ತಿದ್ದ. ಇವರನ್ನು ಕಂಡದ್ದೇ ಸೊಂಟಕ್ಕೆ ಕೈ ಹೋಯಿತು.

“ಇಳೀರಿ, ಸಾಕು,” ಎಂದಳು. “ಭಯ ಅಂತ ಒಂದು ಮಾತು ಹೇಳಬಾರದಿತ್ತಾ?”

ಅವನು ಇಳಿದು, ಹಳೆಯ ಬಲ್ಬನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತ. “ನಕ್ಷೆ ನೋಡುವಾಗ ನಿನ್ನ ಮುಖ ಹೇಗಾಗತ್ತೆ ಗೊತ್ತಾ? ಕಾಡು ಅಂದ್ರೆ ನಿನಗೆ ಪ್ರಾಣ ಅಂದ್ಕೊಂಡೆ. ಹೇಗೆ ಹೇಳಲಿ?”

“ಕಾಡು ನನಗೆಲ್ಲಿ ಇಷ್ಟ? ನೀವು ಪಕ್ಕದಲ್ಲಿ ಕೂರ್ತಿದ್ರಲ್ಲ, ಅದಕ್ಕೆ...” ಎಂದು ಶುರುಮಾಡಿ ಅವಳು ನಿಲ್ಲಿಸಿದಳು. ಅದಕ್ಕೇನಾ? ಹುಲ್ಲಿನ ನಡುವೆ ಕಣ್ಣುಬಿಟ್ಟ ಆ ಬೆಳಗು ಅಷ್ಟೇನೂ ಕೆಟ್ಟದಿರಲಿಲ್ಲ.

ಅತ್ತೆ ಬೂಟಿನ ಮಣ್ಣು ಕೆರೆಯುತ್ತ, “ಮಳೆ ಮುಗೀಲಿ, ಮತ್ತೆ ಹೋಗ್ತೀನಿ. ಯಾರು ಬಂದ್ರೂ ಸರಿ, ಬಿಟ್ರೂ ಸರಿ” ಎಂದರು.

“ನಾನೂ ಬರ್ತೀನಿ” ಎಂದುಬಿಟ್ಟಳು ಸೊಸೆ.

ಗಂಡ ಅವಳ ಮುಖ ನೋಡಿದ. “ಅಲ್ವೇ, ಈಗ ತಾನೇ ಇಷ್ಟ ಇಲ್ಲ ಅಂದೆ?”

ಬರ್ತೀನಿ ಎಂದು ಯಾಕೆ ಅಂದೆನೆಂದು ಅವಳಿಗೂ ತಿಳಿಯದೆ, ಚೀಲ ಎತ್ತಿಕೊಂಡು ಒಳಗೆ ಹೋದಳು.