ಸುಕ್ಕಿಲ್ಲದ ಹಾಸಿಗೆ

ಬೇರೆಯವರ ವಿಷಯದಲ್ಲಿ ಮೂಗು ತೂರಿಸುವುದು ಚಿಕ್ಕಂದಿನಿಂದ ನನ್ನ ಚಾಳಿ. ಈಗ ಅದಕ್ಕೇ ಸಂಬಳ ಕೊಡುತ್ತಾರೆ. ಆರು ವರ್ಷ ಫುಟ್‌ಪಾತಿನಲ್ಲಿ ಮಲಗಿದವಳು ನಾನು. ನನ್ನಂತೆಯೇ ಬೀದಿಯಿಂದ ಹೊಸದಾಗಿ ಕೋಣೆಗೆ ಬಂದವರ ಜೊತೆಗಿದ್ದು, ಅವರು ಅಲ್ಲಿ ನೆಲೆಯೂರುವ ತನಕ ನೋಡಿಕೊಳ್ಳುವುದು ನನ್ನ ಕೆಲಸ.

ಆ ವಾರ ನನ್ನ ತಲೆಗೆ ಹುಳ ಬಿಟ್ಟವರು ವಾಚ್ ರಿಪೇರಿಯಣ್ಣ. ಒಂಬತ್ತು ವರ್ಷ ಬಸ್ ನಿಲ್ದಾಣದಲ್ಲಿ ಕಳೆದವರಿಗೆ ಮೂರನೇ ಮಹಡಿಯಲ್ಲೊಂದು ಕೋಣೆ ಸಿಕ್ಕಿತ್ತು. ತಿಂಗಳು ತುಂಬುವ ಮೊದಲೇ, ಈ ಕೋಣೆಗಳನ್ನು ಕೊಡುವ ಆಫೀಸಿನ ಮೇಡಂ ನನ್ನನ್ನು ಕರೆಸಿದರು.

"ಅವರು ಅಲ್ಲಿ ಇರೋದೇ ಇಲ್ಲ ಕಣ್ರೀ. ಎರಡು ಸಲ ಹೋಗಿ ನಮ್ಮ ಕೀಲೀಲಿ ಬಾಗಿಲು ತೆಗೆದು ನೋಡ್ದೆ. ಹಾಸಿಗೇಲಿ ಒಂದು ಸುಕ್ಕಿಲ್ಲ, ಸೋಪಿನ ಕವರೂ ಬಿಚ್ಚಿಲ್ಲ. ಶುಕ್ರವಾರ ಮತ್ತೆ ಹೋಗ್ತೀನಿ. ಆಗ್ಲೂ ಹೀಗೇ ಇದ್ರೆ ಕೋಣೆ ಬೇರೆಯವರಿಗೆ."

ಸಿಕ್ಕ ಕೋಣೆಯನ್ನು ಬಿಟ್ಟು ಈ ಮನುಷ್ಯ ಮಲಗುವುದಾದರೂ ಎಲ್ಲಿ? ನನಗೆ ತಡೆಯಲಾಗಲಿಲ್ಲ. ಸಂಜೆಯೇ ಹೋಗಿ ಕೇಳಿದೆ.

"ಇಲ್ಲೇ ತಂಗಿ, ಮಂಚದ ಮೇಲೆ," ಎಂದರು.

ಸುಳ್ಳು ಹೇಳುವ ಮುಖವಲ್ಲ ಅದು. ಆದರೆ ಬಚ್ಚಲು ಒಣಗಿತ್ತು, ಕಸದ ಬುಟ್ಟಿ ಖಾಲಿಯಿತ್ತು. ಕೊನೆಗೆ ಸೋಪನ್ನು ಎತ್ತಿ ನೋಡಿದೆ. ಕವರ್ ನೀಟಾಗಿ ಮಡಚಿದ ಹಾಗೇ ಇತ್ತು, ಒಳಗಿನ ಸೋಪು ಮಾತ್ರ ಅರ್ಧ ಸವೆದಿತ್ತು.

"ಇದೇನಣ್ಣ?"

ಅವರು ತಲೆ ತಗ್ಗಿಸಿದರು. "ಐದಕ್ಕೆ ಏಳ್ತೀನಿ. ಎಲ್ಲಾ ಒರೆಸಿ, ಮೊದ್ಲಿದ್ದ ಹಾಗೆ ಮಾಡಿಟ್ಟು ಕೆಲಸಕ್ಕೆ ಹೋಗ್ತೀನಿ. ಗುರುತು ಕಂಡ್ರೆ ಓಡಿಸ್ತಾರಲ್ವಾ?"

ನಾನು ಮಂಚದ ಮೇಲೆ ಕುಸಿದು ಕೂತೆ. ಬೀದಿಯಲ್ಲಿ ನಾವು ಮೊದಲು ಕಲಿಯುವುದೇ ಇದನ್ನು. ಕಸ ಗುಡಿಸುವವರು ಬರುವಷ್ಟರಲ್ಲಿ ಎಲ್ಲ ಸುತ್ತಿಟ್ಟು, ಯಾರೂ ಮಲಗಿಯೇ ಇರಲಿಲ್ಲ ಅನ್ನುವ ಹಾಗೆ ಮಾಡಿದರೆ ನಾಳೆಯೂ ಆ ಜಾಗ ನಮಗೆ.

"ಇಲ್ಲಿ ಉಲ್ಟಾ, ಅಣ್ಣ. ಗುರುತು ಕಾಣದಿದ್ರೇ ಓಡಿಸ್ತಾರೆ."

ಮೇಡಂಗೆ ಸೋಪಿನ ಕಥೆ ಹೇಳಿದೆ. "ನಿಮ್ಮವರನ್ನ ನೀವು ಬಿಟ್ಟುಕೊಡ್ತೀರಾ?" ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಸರಿ, ಅಣ್ಣನಿಗೆ ಕೋಣೆ ಗಲೀಜು ಮಾಡುವುದನ್ನು ಕಲಿಸಲು ಕೂತೆ. ಚಹಾ ಕುಡಿದ ಲೋಟವನ್ನು ಹಾಗೇ ಬಿಡಿ ಎಂದರೆ, ನಾನು ತಿರುಗುವಷ್ಟರಲ್ಲಿ ತೊಳೆದು ಬೋರಲು ಹಾಕಿರುತ್ತಿದ್ದರು. "ಕೈ ಕೇಳಲ್ಲ ತಂಗಿ," ಅನ್ನುತ್ತಿದ್ದರು. ಗುರುವಾರ ನನಗೂ ಸಾಕಾಯಿತು. "ಏನೂ ಮಾಡ್ಬೇಡಿ ಮಾರಾಯ್ರೇ, ನಾಳೆ ಒಂದಿನ ಏಳ್ಬೇಡಿ, ಅಷ್ಟೇ," ಎಂದು ಗದರಿ ಬಂದೆ.

ಶುಕ್ರವಾರ ಹತ್ತು ಗಂಟೆಗೆ ಮೇಡಂ ಬಾಗಿಲು ತಟ್ಟಿದರು. ಸದ್ದಿಲ್ಲ. ಐದಕ್ಕೇ ಎದ್ದು ಹೋಗಿಬಿಟ್ಟರಾ? ಮೇಡಂ ನನ್ನತ್ತ ಒಂದು ನೋಟ ಬೀರಿ, ಇನ್ನೂ ಜೋರಾಗಿ ತಟ್ಟಿದರು.

ಒಳಗೆ ಮಂಚ ಕಿರುಗುಟ್ಟಿತು. ನಿದ್ದೆ ತುಂಬಿದ ದನಿಯೊಂದು ರೇಗಿತು: "ಯಾರ್ರೀ ಅದು? ಮಲಗಿದ್ದೀನಿ. ಆಮೇಲೆ ಬನ್ನಿ!"

ಮೇಡಂ ಎತ್ತಿದ ಕೈಯನ್ನು ಇಳಿಸಿದರು. ಪುಸ್ತಕದಲ್ಲಿ 'ವಾಸವಿದ್ದಾರೆ' ಎಂದು ಬರೆದುಕೊಂಡು ಮೆಟ್ಟಿಲಿಳಿದರು.

ನಾನು ಅಲ್ಲೇ ನಿಂತೆ. ನನಗೆ ಕೋಣೆ ಸಿಕ್ಕಿ ನಾಲ್ಕು ವರ್ಷವಾಯಿತು. ಇವತ್ತಿಗೂ ಯಾರಾದರೂ ಬಾಗಿಲು ತಟ್ಟಿದರೆ ಎದ್ದು ಚೀಲ ಹಿಡಿದು ನಿಲ್ಲುತ್ತೇನೆ. ಆಮೇಲೆ ಬನ್ನಿ ಎಂದು ಒಬ್ಬರಿಗೂ ಹೇಳಿಲ್ಲ.