ಒದ್ದೆ ಬಲೆ

ನನ್ನ ಬುದ್ಧಿಗೆ ಅವತ್ತು ಏನು ಮಂಕು ಕವಿದಿತ್ತೋ! ಇಪ್ಪತ್ತು ವರ್ಷದಿಂದ ನಾರ್ವೆಯ ಹೊಳೆಗಳಲ್ಲಿ ಕಾಡು ಸಾಲ್ಮನ್ ಮೀನಿನ ಮರಿ ಹಿಡಿದು ಪರೀಕ್ಷೆ ಮಾಡುವವಳು ನಾನು. ಒಂದು ಹೊಳೆಯ ಬಲೆಯನ್ನು ಮದ್ದಿನ ನೀರಲ್ಲಿ ಅದ್ದದೆ ಇನ್ನೊಂದು ಹೊಳೆಗೆ ಇಳಿಸಬೇಡಿ ಅಂತ ಊರೂರು ತಿರುಗಿ ಬೋಧಿಸಿದವಳೂ ನಾನೇ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ಎಲ್ಲ ಒಂದು ಹುಳದ ದೆಸೆಯಿಂದ. ಬರಿಗಣ್ಣಿಗೆ ಕಾಣೋದೇ ಕಷ್ಟ, ಮರಿಗಳ ಮೈಗೆ ಕಚ್ಚಿಕೊಂಡು ತಿಂದು ಮುಗಿಸುತ್ತದೆ. ಒಣಗಿದರೆ ಸಾಯುತ್ತದೆ, ಒದ್ದೆ ಬಲೆಯಲ್ಲಿ ದಿನಗಟ್ಟಲೆ ಬದುಕುತ್ತದೆ. ಹೊಕ್ಕಿತೋ, ಇಡೀ ಹೊಳೆಗೆ ವಿಷ ಹಾಕಿ ಇದ್ದಬದ್ದ ಮೀನನ್ನೆಲ್ಲ ಕೊಲ್ಲುವುದೊಂದೇ ದಾರಿ. ಒಂದು ಬಾಟಲಿ ನೀರಿನಿಂದಲೇ ಹುಳವನ್ನು ಮೊದಲೇ ಪತ್ತೆ ಹಚ್ಚುವ ಪರೀಕ್ಷೆ ನನ್ನದು. ಅದಕ್ಕೆ ಮೂರು ವರ್ಷದ ದುಡ್ಡು ಕೊಡಬೇಕೋ ಬೇಡವೋ ಅಂತ ನೋಡಲು ಸಂಶೋಧನಾ ನಿಧಿಯ ಅಧಿಕಾರಿ ಆಸ್ಲೌಗ್ ಅವತ್ತು, ಇನ್ನೂ ರೋಗ ಹತ್ತದ ಟೋರ್ಗ್ರಿಮ್ ಅಜ್ಜನ ಹೊಳೆಗೆ ಬಂದಿದ್ದಳು.

ಹಿಂದಿನ ದಿನ ನಾನು ರೋಗ ಹತ್ತಿದ ಹೊಳೆಯಲ್ಲಿದ್ದೆ. ಅವಳಿಗೆ ತೋರಿಸುವ ಕಾಗದಪತ್ರ ಜೋಡಿಸುವ ಗಡಿಬಿಡಿಯಲ್ಲಿ ಬಲೆ ಅದ್ದುವುದನ್ನೇ ಮರೆತೆ. ಬೆಳಿಗ್ಗೆ ವ್ಯಾನಿಂದ ಕೈಗೆ ಸಿಕ್ಕ ಬಲೆ ಎಳೆದುಕೊಂಡು ಆಸ್ಲೌಗ್ ಜೊತೆ ನೀರಿಗಿಳಿದೆ. ಹತ್ತು ಹನ್ನೆರಡು ಮರಿ ಹಿಡಿದು ತೋರಿಸಿ, ಮತ್ತೆ ಬಿಟ್ಟೂ ಬಿಟ್ಟೆ. ಬಲೆ ವಾಪಸ್ ಇಡುವಾಗ ಹಿಡಿಯ ಮೇಲೆ ಕೆಂಪು ಪಟ್ಟಿ ಕಾಣಿಸಿತು. ರೋಗದ ಹೊಳೆಯ ಬಲೆಗಳಿಗೆ ಮಾತ್ರ ಕೆಂಪು. ಚೊಕ್ಕ ಹೊಳೆಗಳ ಹಸಿರು ಪಟ್ಟಿಯದು ವ್ಯಾನಿನ ಮೂಲೆಯಲ್ಲಿ ಒಣಗಿಕೊಂಡು ಕೂತಿತ್ತು.

ಬಲೆಯನ್ನು ಒಳಗೆ ತಳ್ಳಿ ವ್ಯಾನಿನ ಬಾಗಿಲು ಹಾಕಿದೆ. ದಡದಲ್ಲಿ ಟೋರ್ಗ್ರಿಮ್ ಅಚ್ಚಿನ ಕಾವಲಿಯ ಮುಂದೆ ಕೂತು ವಾಫೆಲ್ ಅನ್ನೋ ಸಿಹಿದೋಸೆ ಹುಯ್ಯುತ್ತಿದ್ದ. ಎಪ್ಪತ್ತೆಂಟು ವರ್ಷ ಅವನಿಗೆ, ಈ ಹೊಳೆ ಅವನ ಮುತ್ತಜ್ಜನ ಕಾಲದಿಂದ ಅವರ ಮನೆಯದು. ಭೂತ ನೋಡಿದವಳ ಥರ ಯಾಕಿದ್ದೀಯ, ದುಡ್ಡು ಸಿಗೋ ಹೆದರಿಕೆನಾ ಅಂತ ಕಿಚಾಯಿಸಿದ. ಆಸ್ಲೌಗ್ ಕಾಫಿ ಮುಗಿಸಿ, ದುಡ್ಡು ಕೊಡಿ ಅಂತಲೇ ಬರೆಯುತ್ತೇನೆ ಅಂದಳು. ಆರು ವರ್ಷ ಕಾದ ಮಾತು ಅದು, ನಾನು ವ್ಯಾನಿನ ಬಾಗಿಲ ಕಡೆಗೇ ನೋಡುತ್ತಿದ್ದೆ.

ಅವಳಿಗೆ ಮಧ್ಯಾಹ್ನ ಇನ್ನೊಂದು ಹೊಳೆ ನೋಡುವುದಿತ್ತು. ಬೂಟು ಅದ್ದಲು ಮದ್ದಿನ ನೀರೆಲ್ಲಿ ಅಂತ ಕೇಳಿದಳು. ಟೋರ್ಗ್ರಿಮ್ ನಕ್ಕ. "ನನ್ನ ಹೊಳೆ ಹಾಲಿನಷ್ಟು ಚೊಕ್ಕ. ಮದ್ದು ಗಿದ್ದು ಏನೂ ಬೇಡ, ಹಾಗೇ ಹೋಗು."

ಬೂಟು ಅದ್ದಿಸಿ ಕಳಿಸಿದರೆ ಮುಗಿಯಿತಲ್ಲ, ಬಾಯಿ ಮುಚ್ಚಿಕೊಂಡಿರು ಅಂತ ಮನಸ್ಸು ಹೇಳಿತು. ಆದರೆ ಶನಿವಾರ ಗಾಳದವರು ಹನ್ನೆರಡು ಜನ ಬರುವವರಿದ್ದರು. ಅವರು ಇಲ್ಲಿಂದ ಎಷ್ಟು ಹೊಳೆಗೆ ಹೋಗುತ್ತಾರೋ ಯಾರಿಗೆ ಗೊತ್ತು?

"ನಿಲ್ಲು, ಬೂಟು ಬಿಚ್ಚು," ಅಂದೆ. "ಬೆಳಿಗ್ಗೆ ನಾನು ಇಳಿಸಿದ್ದು ರೋಗದ ಹೊಳೆ ಬಲೆ. ಇನ್ನೂ ಒದ್ದೆ ಇತ್ತು."

ಆಸ್ಲೌಗ್ ಬೂಟು ಬಿಚ್ಚಿ, ಕಾಲುಚೀಲದಲ್ಲೇ ಜಲ್ಲಿ ಮೇಲೆ ನಿಂತು, ಯಾರೂ ಇಳಿಯದಂತೆ ಹೊಳೆ ಮುಚ್ಚಿಸಲು ಫೋನು ಮಾಡತೊಡಗಿದಳು. ದುಡ್ಡಿನ ಮಾತು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಟೋರ್ಗ್ರಿಮ್ ಸೌಟು ಕೆಳಗಿಟ್ಟ.

"ಹತ್ತಿದೆಯೋ ಇಲ್ಲವೋ ಯಾವಾಗ ಗೊತ್ತಾಗುತ್ತೆ?"

"ಬರೋ ವರ್ಷ. ಒಂದೆರಡು ಹುಳ ನನ್ನ ಪರೀಕ್ಷೆಗೂ ಸಿಗೋಲ್ಲ, ಹೆಚ್ಚಬೇಕು."

ಅವನು ಕಾವಲಿಯ ಕೆಳಗಿನ ಉರಿ ಆರಿಸಿದ. "ಹೇಳಿದ್ದು ಒಳ್ಳೇದಾಯ್ತು, ಸೋಲ್‌ಫ್ರಿಡ್," ಅಂದ. "ಆದ್ರೆ ಇನ್ನು ನನ್ನ ಹೊಳೆಗೆ ಇಳೀಬೇಡ."